ಗೆದ್ದ ಮೊಕದ್ದಮೆಯ ಋಣ

1821ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಣ್ಣುಮಗಳು ತಾನೂ ತನ್ನ ಇಬ್ಬರು ಮಕ್ಕಳೂ ಗುಲಾಮರಲ್ಲ, ಸ್ವತಂತ್ರರು ಎಂದು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಆ ರಾಜ್ಯದ 1780ರ ಕಾಯ್ದೆಯಂತೆ, ಹೊರರಾಜ್ಯದ ಮಾಲೀಕ ತನ್ನ ಗುಲಾಮರನ್ನು ಆರು ತಿಂಗಳು ಅಲ್ಲಿ ಇರಿಸಿಕೊಂಡರೆ ಅವರು ಬಿಡುಗಡೆಗೆ ಅರ್ಹರು. ಚಾರಿಟಿಯವರನ್ನು ಮೇರಿಲ್ಯಾಂಡಿನಿಂದ ಹಲವು ಸಲ ಪೆನ್ಸಿಲ್ವೇನಿಯಾಕ್ಕೆ ಕರೆತರಲಾಗಿತ್ತು. ಬಂದುಹೋದ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳು ದಾಟುತ್ತದೆ ಎಂಬುದು ಅವರ ವಾದ. ಮಾಲೀಕನ ಪರ ವಕೀಲ ಎದ್ದು ನಿಂತರು. ಬಿಡಿ ಬಿಡಿ ದಿನಗಳನ್ನು ಹಾಗೆ ಕೂಡಿಸಲು ಬರುವುದಿಲ್ಲ, ಕಾಯ್ದೆ ಹೇಳುವುದು ಒಂದೇ ಸಮನೆ ಕಳೆದ ಆರು ತಿಂಗಳನ್ನು ಎಂದರು. ಕೋರ್ಟು ಒಪ್ಪಿತು. ಆ ತಾಯಿ ಮತ್ತು ಮಕ್ಕಳು ಗುಲಾಮಗಿರಿಯಲ್ಲೇ ಉಳಿದರು.

ಆ ವಕೀಲರಿಗೆ ಆಗ 29 ವರ್ಷ. ಹೆಸರು ಥಾಡಿಯಸ್ ಸ್ಟೀವನ್ಸ್. ಅಮೆರಿಕದ ಸಂಸತ್ತಿನಲ್ಲಿ ಕಪ್ಪು ಜನರ ಸಮಾನತೆಗಾಗಿ ಅವರಷ್ಟು ಹಟ ಹಿಡಿದು ಹೋರಾಡಿದ ಇನ್ನೊಬ್ಬ ಬಿಳಿಯ ರಾಜಕಾರಣಿಯನ್ನು ಹುಡುಕುವುದು ಕಷ್ಟ.

ಸ್ಟೀವನ್ಸ್ ಮತ್ತೆಂದೂ ಗುಲಾಮರ ಮಾಲೀಕನ ಪರವಾಗಿ ವಕಾಲತ್ತು ವಹಿಸಲಿಲ್ಲ. ಎರಡು ವರ್ಷದ ಮೇಲೆ, 1823ರ ಜುಲೈ 4ರ ಸ್ವಾತಂತ್ರ್ಯ ದಿನದ ಔತಣದಲ್ಲಿ, ಯಾವ ಮನುಷ್ಯನ ಕಾಲಿಗೂ ಬೇಡಿ ಹಾಕದವನೊಬ್ಬ ಈ ದೇಶದ ಮುಂದಿನ ಅಧ್ಯಕ್ಷನಾಗಲಿ ಎಂದು ಹಾರೈಸಿದರು. ಅವರ ಮುಂದಿನ ಬದುಕನ್ನು ಓದುತ್ತಾ ಹೋದಂತೆ ನನಗೆ ಅದು ಆ ಗೆದ್ದ ಮೊಕದ್ದಮೆಯ ಋಣ ತೀರಿಸುವ ಕೆಲಸದಂತೆ ಕಾಣುತ್ತದೆ. ದಿನಗಳ ಲೆಕ್ಕದಿಂದ ಒಬ್ಬ ತಾಯಿಯ ಸ್ವಾತಂತ್ರ್ಯವನ್ನು ಕಸಿಯಬಹುದು ಎಂದು ತೋರಿಸಿಕೊಟ್ಟವರೇ, ಯಾವ ಲೆಕ್ಕಕ್ಕೂ ಸಿಗದ ಹಾಗೆ ಆ ಸ್ವಾತಂತ್ರ್ಯವನ್ನು ಕಾನೂನಿನಲ್ಲಿ ಬರೆದಿಡಲು ಉಳಿದ ಆಯುಷ್ಯ ಕಳೆದರು.

ಹುಟ್ಟಿದ್ದು 1792ರ ಏಪ್ರಿಲ್ 4ರಂದು, ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು. ಅಣ್ಣನಿಗೆ ಎರಡೂ ಪಾದಗಳು ಹಾಗೆ. ತಂದೆ ಚಪ್ಪಲಿ ಹೊಲಿಯುವವರು, ಜಮೀನು ಅಳತೆಯನ್ನೂ ಬಲ್ಲವರು. ಒಂದು ದಿನ ಹೆಂಡತಿಯನ್ನೂ ನಾಲ್ಕು ಗಂಡುಮಕ್ಕಳನ್ನೂ ಬಿಟ್ಟು ಹೋದರು. ಸಂಸಾರದ ನೊಗ ತಾಯಿ ಸಾರಾ ಅವರ ಹೆಗಲಿಗೆ ಬಿತ್ತು. ಹೊಲದ ಕೆಲಸಕ್ಕೆ ಈ ಕುಂಟುವ ಹುಡುಗ ಆಗಿಬರುವುದಿಲ್ಲ, ಓದಿಸಿಬಿಡೋಣ ಎಂದು ಆಕೆ ಗಟ್ಟಿ ಮನಸ್ಸು ಮಾಡಿದರು. ಮಗ ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1814ರಲ್ಲಿ ಪದವಿ ಪಡೆದರು. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಮೇಷ್ಟರಾಗಿದ್ದುಕೊಂಡೇ ಕಾನೂನು ಓದಿ, 1816ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಶುರುಮಾಡಿದರು.

ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ತಾಯಿಗೆ 250 ಎಕರೆಯ ಹೊಲ ಕೊಂಡುಕೊಟ್ಟರು. ಹದಿನಾಲ್ಕು ಹಸುಗಳನ್ನೂ ಕಟ್ಟಿಸಿಕೊಟ್ಟರು. ಆಗಾಗ ಒಂದು ಚಿನ್ನದ ನಾಣ್ಯ ಕೈಗಿಡುತ್ತಿದ್ದರಂತೆ. ಆಕೆ ಅದನ್ನು ಸಂತೋಷದಿಂದ ತಮ್ಮ ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿಬರುತ್ತಿದ್ದರು. ಮುಪ್ಪಿನಲ್ಲಿ ಸ್ಟೀವನ್ಸ್ ಇದನ್ನೇ ತಮ್ಮ ಬದುಕಿನ ಅತಿ ದೊಡ್ಡ ಸುಖವೆಂದು ನೆನೆಸಿಕೊಂಡರು. ಅಧ್ಯಕ್ಷರನ್ನೇ ನಡುಗಿಸಿದ ಮನುಷ್ಯ ತಮ್ಮ ಸಾಧನೆ ಎಂದು ಎಣಿಸಿದ್ದು ಅಮ್ಮನ ಆ ಹದಿನಾಲ್ಕು ಹಸುಗಳನ್ನು.

ಓದಿನಿಂದ ಮೇಲೆದ್ದ ಬಡವರ ಮಗನಿಗೆ ಓದಿನ ಬೆಲೆ ಗೊತ್ತಿರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಆಗ ಒಂದು ಹಳೆಯ ಪದ್ಧತಿಯಿತ್ತು. ಫೀಸು ಕಟ್ಟಲಾಗದ ತಂದೆತಾಯಿ ತಾವು ದಿಕ್ಕಿಲ್ಲದ ಬಡವರೆಂದು ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿದರೆ ಮಾತ್ರ ಮಕ್ಕಳಿಗೆ ಬಿಟ್ಟಿ ಪಾಠ. ಮಾನವುಳ್ಳ ಬಡವರು ಆ ಪಟ್ಟಿಗೆ ಹೆಸರು ಕೊಡುವ ಬದಲು ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದರು. 1834ರಲ್ಲಿ ಬಂದ ಹೊಸ ಕಾಯ್ದೆ, ತೆರಿಗೆಯ ಹಣದಿಂದ ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಾಲೆ ಎಂದು ಘೋಷಿಸಿತು. ತೆರಿಗೆ ಕಟ್ಟಬೇಕಾದವರು ಸಿಟ್ಟಿಗೆದ್ದರು. ಮರುವರ್ಷ ರಾಜ್ಯದ ಸೆನೆಟ್ ಆ ಕಾಯ್ದೆಯನ್ನು ರದ್ದುಮಾಡಲು ಮತ ಹಾಕಿತು. ಕೆಳಮನೆಯೂ ಹಾಗೇ ಮಾಡುತ್ತದೆ ಎಂದೇ ಎಲ್ಲರ ಅಂದಾಜು.

1835ರ ಏಪ್ರಿಲ್ 11ರಂದು ಆ ಕೆಳಮನೆಯ ಸದಸ್ಯರಾಗಿದ್ದ ಸ್ಟೀವನ್ಸ್ ಮಾತಿಗೆ ನಿಂತರು. ಹಳೆಯ ಕಾಯ್ದೆ ಬಡವನಿಗೆ ಕಲಿಸುವುದಲ್ಲ, ಅವನ ಹಣೆಗೆ ಮುದ್ರೆ ಒತ್ತುವುದು ಎಂದರು. ನನಗೆ ಮಕ್ಕಳಿಲ್ಲ, ಪಕ್ಕದ ಮನೆಯವನ ಮಗನಿಗೆ ನಾನೇಕೆ ತೆರಿಗೆ ಕಟ್ಟಬೇಕು ಎನ್ನುವವನು, ತಾನೆಂದೂ ಅಪರಾಧ ಮಾಡದಿದ್ದರೂ ಜೈಲು ನಡೆಸಲು ತೆರಿಗೆ ಕಟ್ಟುತ್ತಿದ್ದಾನಲ್ಲ ಎಂದು ಕೇಳಿದರು. ಅವರಿಗೆ ಓಟು ಹಾಕಿದ್ದವರಲ್ಲೇ ಬಹಳ ಮಂದಿ ಶಾಲಾ ತೆರಿಗೆಗೆ ವಿರುದ್ಧವಾಗಿದ್ದರು. ಅದು ಗೊತ್ತಿದ್ದೂ ಮಾತಾಡಿದರು. ಆ ಒಂದು ಭಾಷಣದಿಂದ ಸದನದ ಮನಸ್ಸು ತಿರುಗಿತು. ಶಾಲೆಯ ಕಾಯ್ದೆ ಉಳಿಯಿತು. ಸಂಸತ್ತಿನ ಮಾತು ಹೇಗಿರಬೇಕೆಂದು ಯಾರಾದರೂ ಕೇಳಿದರೆ ಆ ದಿನದ ಕಡೆಗೆ ಕೈ ತೋರಿಸಬೇಕು.

ಎರಡು ವರ್ಷ ಕಳೆದು ರಾಜ್ಯದ ಸಂವಿಧಾನವನ್ನು ಹೊಸದಾಗಿ ಬರೆಯುವ ಸಭೆ ಸೇರಿತು. ಅದು ಕಪ್ಪು ಗಂಡಸರಿಗೆ ಇದ್ದ ಮತದ ಹಕ್ಕನ್ನು ತೆಗೆದುಹಾಕಿತು. ಸದಸ್ಯರಾಗಿದ್ದ ಸ್ಟೀವನ್ಸ್ ಆ ದಸ್ತಾವೇಜಿಗೆ ಸಹಿ ಹಾಕಲು ಒಪ್ಪಲಿಲ್ಲ.

1842ರಲ್ಲಿ ಅವರು ಲ್ಯಾಂಕಾಸ್ಟರ್ ನಗರಕ್ಕೆ ಬಂದು ನೆಲೆಸಿದರು. ಮದುವೆಯಾಗಲಿಲ್ಲ. ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರವರ್ಣದ ವಿಧವೆ ಇಪ್ಪತ್ತು ವರ್ಷದ ಕಾಲ ಅವರ ಮನೆಯ ಯಜಮಾನಿಕೆ ನೋಡಿಕೊಂಡರು. ಕಪ್ಪು ಹೆಂಗಸರನ್ನು ಎಲ್ಲರೂ ಬರಿ ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದ ಕಾಲ ಅದು. ಸ್ಟೀವನ್ಸ್ ಆಕೆಯನ್ನು ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದರು; ಮನೆಗೆ ಬಂದವರೂ ಹಾಗೆಯೇ ಕರೆಯಬೇಕಿತ್ತು. ಊರು ಸುಮ್ಮನಿರಲಿಲ್ಲ, ಇಬ್ಬರ ಸಂಬಂಧದ ಬಗ್ಗೆ ಇಲ್ಲಸಲ್ಲದ್ದನ್ನೆಲ್ಲ ಆಡಿಕೊಂಡಿತು. ಆದರೆ ಆಕೆಯ ಬಗ್ಗೆ ನೆನಪಿಡಬೇಕಾದ ಸಂಗತಿ ಬೇರೆ ಇದೆ. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್‌ನ ಘೋರ ಯುದ್ಧ ಮುಗಿದಾಗ ಆಕೆ ಬಾಡಿಗೆಗೆ ಕುದುರೆಗಾಡಿ ಹಿಡಿದು, ಹಳ್ಳಿಹಳ್ಳಿ ತಿರುಗಿ ಅನ್ನ ಬಟ್ಟೆ ಕೂಡಿಸಿ, ಗಾಯಾಳುಗಳಿಗೆ ಹಂಚಿಬಂದರು. ದುಡಿದ ಹಣದಲ್ಲಿ ತಮ್ಮದೇ ಆಸ್ತಿಯನ್ನೂ ಮಾಡಿಕೊಂಡರು.

ಆ ಲ್ಯಾಂಕಾಸ್ಟರ್ ಮನೆಯ ಹಿಂದಿನ ನೀರಿನ ತೊಟ್ಟಿಯನ್ನು ಇದೇ ಶತಮಾನದ ಆರಂಭದಲ್ಲಿ ಪುರಾತತ್ವಜ್ಞರು ಅಗೆದು ನೋಡಿದ್ದಾರೆ. ತೊಟ್ಟಿಯ ಗೋಡೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ ಇತ್ತು. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಅದರಲ್ಲಿ ಅಡಗಿಸಿಡುತ್ತಿದ್ದಿರಬಹುದು ಎಂಬುದು ಅವರ ಊಹೆ. ಮೇರಿಲ್ಯಾಂಡಿನ ಗಡಿ ಅಲ್ಲಿಂದ ದೂರವಿಲ್ಲ. 1851ರ ಸೆಪ್ಟೆಂಬರಿನಲ್ಲಿ ಅದೇ ಜಿಲ್ಲೆಯ ಕ್ರಿಸ್ಟಿಯಾನಾ ಎಂಬಲ್ಲಿಗೆ ಓಡಿಹೋದ ಗುಲಾಮರನ್ನು ಹಿಡಿಯಲು ಬಂದ ಎಡ್ವರ್ಡ್ ಗೋರ್ಸಚ್ ಎಂಬ ಮಾಲೀಕ, ಕಪ್ಪು ಜನರ ಪ್ರತಿರೋಧದಲ್ಲಿ ಸತ್ತ. ಸರ್ಕಾರ 38 ಮಂದಿಯ ಮೇಲೆ ದೇಶದ್ರೋಹದ ಕೇಸು ಹಾಕಿತು. ಮೊದಲು ಕಟಕಟೆ ಹತ್ತಿದವರು ಕ್ಯಾಸ್ಟ್ನರ್ ಹ್ಯಾನ್‌ವೇ ಎಂಬ ಬಿಳಿಯ. ಗುಲಾಮರನ್ನು ಹಿಡಿಯಲು ಸಹಾಯ ಮಾಡಲಿಲ್ಲ ಎಂಬುದೇ ಅವರ ಅಪರಾಧ. ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲಿನಲ್ಲಿ ವಿಚಾರಣೆ ನಡೆಯಿತು. ಪ್ರತಿವಾದಿಯ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಜ್ಯೂರಿಗೆ ನಿರ್ದೋಷಿ ಎನ್ನಲು ಕಾಲು ಗಂಟೆ ಸಾಕಾಯಿತು. ಉಳಿದವರ ಮೇಲಿನ ಆರೋಪವನ್ನೂ ಸರ್ಕಾರ ಕೈಬಿಟ್ಟಿತು. ಮೂವತ್ತು ವರ್ಷದ ಹಿಂದೆ ಚಾರಿಟಿಯವರ ಎದುರು ನಿಂತಿದ್ದ ವಕೀಲ ಈಗ ಪಕ್ಷ ಬದಲಿಸಿ ನಿಂತಿದ್ದರು.

ಅಷ್ಟರಲ್ಲಿ ಅವರು ರಾಷ್ಟ್ರದ ಸಂಸತ್ತಿಗೂ ಆಯ್ಕೆಯಾಗಿದ್ದರು. 1849ರಿಂದ 53ರವರೆಗೆ ಒಮ್ಮೆ, 1859ರಿಂದ ಸಾಯುವತನಕ ಇನ್ನೊಮ್ಮೆ. ಅಂತರ್ಯುದ್ಧದ ಕಾಲದಲ್ಲಿ ಹಣಕಾಸು ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷರು. ಯುದ್ಧಕ್ಕೆ ಬೇಕಾದ ಹಣ ಹೊಂದಿಸುವ ಹೊಣೆ ಅವರದು. 1863ರ ಜೂನಿನಲ್ಲಿ ದಕ್ಷಿಣದ ಸೈನ್ಯ ಗೆಟ್ಟಿಸ್‌ಬರ್ಗ್ ಕಡೆಗೆ ಬರುತ್ತಾ ದಾರಿಯಲ್ಲಿದ್ದ ಅವರ ಕ್ಯಾಲೆಡೋನಿಯಾ ಕಬ್ಬಿಣದ ಕಾರ್ಖಾನೆಯನ್ನು ಹುಡುಕಿ ಸುಟ್ಟಿತು. ಗುಲಾಮಗಿರಿಯ ಕುರುಹೂ ಉಳಿಯದಂತೆ ದೇಶ ಒಂದಾದರೆ ಈ ನಷ್ಟ ಅಗ್ಗದ ವ್ಯಾಪಾರ ಎಂದು ಅವರು ಬರೆದರು. ಅವರಿಗೆ ಚಿಂತೆಯಾದದ್ದು ಅಲ್ಲಿ ಕೆಲಸ ಕಳೆದುಕೊಂಡ ಬಡ ಸಂಸಾರಗಳದ್ದು.

1865ರ ಜನವರಿ 31ರಂದು ಗುಲಾಮಗಿರಿಯನ್ನು ಅಳಿಸಿಹಾಕುವ 13ನೇ ತಿದ್ದುಪಡಿ 119-56 ಮತಗಳಿಂದ ಪಾಸಾಯಿತು. ಏಪ್ರಿಲಿನಲ್ಲಿ ಯುದ್ಧ ಮುಗಿಯುವುದಕ್ಕೂ ಲಿಂಕನ್ ಕೊಲೆಯಾಗುವುದಕ್ಕೂ ಒಂದಾಯಿತು. ಅಧ್ಯಕ್ಷ ಪಟ್ಟಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಸೋತ ದಕ್ಷಿಣದ ಪ್ರಭುಗಳನ್ನು ಸಾಲುಸಾಲಾಗಿ ಕ್ಷಮಿಸಿದರು. ಆ ರಾಜ್ಯಗಳು ಬೇಗಬೇಗನೆ ಹೊಸ ಕಾಯ್ದೆಗಳನ್ನು ಮಾಡಿಕೊಂಡವು. ಮಿಸಿಸಿಪ್ಪಿಯಲ್ಲಿ ಕಪ್ಪು ಮನುಷ್ಯ ಪ್ರತಿ ಜನವರಿಯಲ್ಲಿ ತನಗೆ ಕೆಲಸವಿದೆ ಎಂಬುದಕ್ಕೆ ಬರವಣಿಗೆಯ ಪುರಾವೆ ಇಟ್ಟುಕೊಳ್ಳಬೇಕು. ಪಟ್ಟಣದ ಹೊರಗೆ ಗೇಣಿಗೂ ಜಮೀನು ಹಿಡಿಯುವಂತಿಲ್ಲ. ಗುಲಾಮಗಿರಿ ಹೆಸರು ಬದಲಿಸಿ ಹಿತ್ತಲ ಬಾಗಿಲಿನಿಂದ ಒಳಬರುತ್ತಿತ್ತು.

ಇದರ ಜೊತೆಗೆ ಒಂದು ಲೆಕ್ಕದ ಗಂಟೂ ಇತ್ತು. ಮೂಲ ಸಂವಿಧಾನದಲ್ಲಿ ಸಂಸತ್ತಿನ ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿದ್ದರು. ಈಗ ಗುಲಾಮರೇ ಇಲ್ಲವಾದ್ದರಿಂದ ಐವರೂ ಐವರೇ. ಹಾಗಾಗಿ ಯುದ್ಧ ಸೋತ ದಕ್ಷಿಣಕ್ಕೆ ಮೊದಲಿಗಿಂತ ಹೆಚ್ಚು ಸ್ಥಾನಗಳು ಸಿಗುತ್ತವೆ, ಆದರೆ ಹಾಗೆ ಎಣಿಕೆಗೆ ಸಿಕ್ಕ ಕಪ್ಪು ಜನರಿಗೆ ಒಂದು ಓಟೂ ಇಲ್ಲ.

1865ರ ಡಿಸೆಂಬರ್ 4. ಹೊಸ ಸಂಸತ್ತಿನ ಮೊದಲ ದಿನ. ಸದನದ ಕಾರ್ಯದರ್ಶಿ ಎಡ್ವರ್ಡ್ ಮ್ಯಾಕ್‌ಫರ್ಸನ್ ಹಾಜರಿ ಕರೆಯಲು ನಿಂತರು. ಗೆಟ್ಟಿಸ್‌ಬರ್ಗ್‌ನವರೇ, ಸ್ಟೀವನ್ಸ್ ಶಿಷ್ಯರೇ. ರಾಜ್ಯದ ಮೇಲೆ ರಾಜ್ಯವಾಗಿ ಹೆಸರು ಕೂಗುತ್ತಾ ಹೋದವರು ದಕ್ಷಿಣದಿಂದ ಆರಿಸಿಬಂದವರ ಹೆಸರುಗಳನ್ನು ಬಿಟ್ಟೇಬಿಟ್ಟರು. ಟೆನೆಸಿಯ ಹೊರೇಸ್ ಮೇನಾರ್ಡ್ ಎದ್ದು ನಿಂತು ಮಾತಾಡಹೋದರು. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವರ ಮಾತು ಕೇಳಲಾಗದು ಎಂದು ಕಾರ್ಯದರ್ಶಿ ಮುಂದೆ ಸಾಗಿದರು. ಇದೆಲ್ಲ ಸ್ಟೀವನ್ಸ್ ಮೊದಲೇ ಹೂಡಿದ್ದ ಯೋಜನೆ. ಇಡೀ ಮುಂದಿನ ಇತಿಹಾಸ ಆ ಕರೆಯದೇ ಬಿಟ್ಟ ಹೆಸರುಗಳ ಮೇಲೆ ನಿಂತಿತು. ಬಂಡಾಯವೆದ್ದವರು ಅಂದು ಕುರ್ಚಿಗಳಲ್ಲಿ ಕುಳಿತುಬಿಟ್ಟಿದ್ದರೆ 14ನೇ ತಿದ್ದುಪಡಿ ಹುಟ್ಟುತ್ತಲೇ ಇರಲಿಲ್ಲ.

ಆ ತಿದ್ದುಪಡಿಯನ್ನು ರೂಪಿಸಿದ್ದು ಎರಡೂ ಸದನಗಳ ಹದಿನೈದು ಮಂದಿಯ ಸಮಿತಿ. ಸ್ಟೀವನ್ಸ್ ಅದರ ಮುಂದಾಳುಗಳಲ್ಲಿ ಒಬ್ಬರು. ಮೊದಲ ಭಾಗದ ಪದಗಳು ಮುಖ್ಯವಾಗಿ ಓಹಾಯೋದ ವಕೀಲ ಜಾನ್ ಬಿಂಗಮ್ ಅವರವು. ಅಮೆರಿಕದಲ್ಲಿ ಹುಟ್ಟಿದವರೆಲ್ಲ ಅಮೆರಿಕದ ಪ್ರಜೆಗಳು. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ ಕಾನೂನುಗಳ ಸಮಾನ ಸಂರಕ್ಷಣೆ ಎಂಬ ಮಾತು ಬಂದಿರುವುದು ಇಲ್ಲಿಂದಲೇ. ಎರಡೂ ಕಡೆ ಸಂಖ್ಯೆ ಹದಿನಾಲ್ಕೇ ಆದದ್ದು ಕಾಕತಾಳೀಯ, ಮಾತು ಒಂದೇ ಆದದ್ದು ಕಾಕತಾಳೀಯವಲ್ಲ. ಬೆಂಗಳೂರಿನ ಹೈಕೋರ್ಟಿನಲ್ಲಿ ಒಬ್ಬ ಸಾಮಾನ್ಯ ನೌಕರ ಸರ್ಕಾರದ ತಾರತಮ್ಯದ ವಿರುದ್ಧ ರಿಟ್ ಹಾಕುವಾಗ ಊರಿಕೊಳ್ಳುವ ಕೋಲು 1866ರಲ್ಲಿ ವಾಷಿಂಗ್ಟನ್ನಿನಲ್ಲಿ ಕಡಿದದ್ದು.

ಸ್ಟೀವನ್ಸ್ ಅವರಿಗೆ ಆ ತಿದ್ದುಪಡಿಯಿಂದ ತೃಪ್ತಿಯಾಗಿರಲಿಲ್ಲ. ಕಪ್ಪು ಜನರ ಮತದ ಹಕ್ಕನ್ನು ಅದು ನೇರವಾಗಿ ಹೇಳಲಿಲ್ಲ. ಮತ ನಿರಾಕರಿಸಿದ ರಾಜ್ಯದ ಸ್ಥಾನಗಳನ್ನು ಇಳಿಸಬಹುದು ಎಂದಷ್ಟೇ ಬೆದರಿಸಿತು. 1866ರ ಜೂನ್ 13ರಂದು, ಕೊನೆಯ ಮತದಾನಕ್ಕೆ ಮುನ್ನ, ಅವರು ಎದ್ದು ತಮ್ಮ ನಿರಾಸೆಯನ್ನು ಮುಚ್ಚಿಡದೆ ಹೇಳಿದರು. ಈ ದೇಶದ ಎಲ್ಲ ವ್ಯವಸ್ಥೆಗಳಿಂದ ಮೇಲುಕೀಳಿನ ಕೊಳೆ ತೊಳೆದುಹೋಗುತ್ತದೆಂದು ಯೌವನದಿಂದಲೂ ಕನಸು ಕಂಡಿದ್ದೆ, ಆ ಕನಸು ಕರಗಿತು ಎಂದರು. ಹಾಗಿದ್ದರೂ ಇದನ್ನೇಕೆ ಒಪ್ಪುತ್ತೇನೆ ಎಂದರೆ, ನಾನು ಬದುಕುತ್ತಿರುವುದು ದೇವತೆಗಳ ನಡುವೆ ಅಲ್ಲ, ಮನುಷ್ಯರ ನಡುವೆ ಎಂಬುದು ಅವರ ಉತ್ತರ. ತಿದ್ದುಪಡಿ 120-32ರಿಂದ ಪಾಸಾಯಿತು. ಹಟಮಾರಿ ಎಂದು ಹೆಸರಾದ ಮನುಷ್ಯ ಅರ್ಧ ಸಿಕ್ಕದ್ದನ್ನು ಕೈಚಾಚಿ ತೆಗೆದುಕೊಂಡ ಆ ಗಳಿಗೆ ನನಗೆ ಅವರ ಇಡೀ ರಾಜಕೀಯದಲ್ಲೇ ದೊಡ್ಡದಾಗಿ ಕಾಣುತ್ತದೆ.

ಸಿಗದೇ ಹೋದ ಇನ್ನರ್ಧ ಯಾವುದು? ಮತದ ಹಕ್ಕು ಬೇಗನೆ ಬಂತು. 1867ರ ಕಾಯ್ದೆಯಿಂದ ದಕ್ಷಿಣದ ಕಪ್ಪು ಗಂಡಸರು ಓಟು ಹಾಕಿದರು. ಬಾರದೇ ಉಳಿದದ್ದು ಭೂಮಿ.

1865ರ ಸೆಪ್ಟೆಂಬರ್ 6ರಂದು ಲ್ಯಾಂಕಾಸ್ಟರ್‌ನಲ್ಲಿ ತಮ್ಮ ಮತದಾರರ ಮುಂದೆ ಸ್ಟೀವನ್ಸ್ ಒಬ್ಬ ಶಾನುಭೋಗರಂತೆ ಲೆಕ್ಕ ಬಿಡಿಸಿಟ್ಟಿದ್ದರು. ಬಂಡಾಯವೆದ್ದ ರಾಜ್ಯಗಳಲ್ಲಿ ಒಟ್ಟು 46 ಕೋಟಿ 50 ಲಕ್ಷ ಎಕರೆ. ಅದರಲ್ಲಿ 39 ಕೋಟಿ 40 ಲಕ್ಷ ಎಕರೆ ಇರುವುದು, ತಲಾ 200 ಎಕರೆಗಿಂತ ಹೆಚ್ಚಿರುವ ಸುಮಾರು 70 ಸಾವಿರ ಜನರ ಕೈಯಲ್ಲಿ ಮತ್ತು ಆ ರಾಜ್ಯ ಸರ್ಕಾರಗಳ ಕೈಯಲ್ಲಿ. ಅದನ್ನು ಮುಟ್ಟುಗೋಲು ಹಾಕಿ. ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ 40 ಎಕರೆ ಕೊಡಿ. ಅಂಥವರು ಹತ್ತು ಲಕ್ಷ ಎಂದುಕೊಂಡರೂ ನಾಲ್ಕು ಕೋಟಿ ಎಕರೆ ಸಾಕು. ಉಳಿದ 35 ಕೋಟಿ 40 ಲಕ್ಷ ಎಕರೆಯನ್ನು ಮಾರಿ ಯುದ್ಧದ ಸಾಲ ತೀರಿಸಿ, ಗಾಯಾಳು ಸೈನಿಕರಿಗೆ ಪಿಂಚಣಿ ಕೊಡಿ. ದಕ್ಷಿಣದ ಬಹುಪಾಲು ಬಿಳಿಯ ರೈತರ ಒಂದು ಅಂಗುಲ ನೆಲಕ್ಕೂ ಇದರಿಂದ ತೊಂದರೆಯಿಲ್ಲ.

ಇದು ಗಾಳಿಗೋಪುರವಾಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಜನರಲ್ ಶರ್ಮನ್ ಕರಾವಳಿಯ ಒಂದು ಪಟ್ಟಿ ನೆಲವನ್ನು ತಲಾ 40 ಎಕರೆಯವರೆಗೆ ಬಿಡುಗಡೆಯಾದ ಸಂಸಾರಗಳಿಗೆ ಹಂಚಲು ಆಜ್ಞೆ ಹೊರಡಿಸಿದ್ದರು. ಜನ ಉತ್ತು ಬಿತ್ತಿಯೂ ಆಗಿತ್ತು. ಜಾನ್ಸನ್ ಆ ನೆಲವನ್ನು ಕಿತ್ತು ಹಳೆಯ ಮಾಲೀಕರಿಗೇ ಹಿಂದಿರುಗಿಸಿದರು. ಸ್ಟೀವನ್ಸ್ 1866ರಲ್ಲೂ 1867ರಲ್ಲೂ ಸಂಸತ್ತಿನಲ್ಲಿ ಭೂಮಿಯ ಪ್ರಸ್ತಾಪ ತಂದರು. ಅವರ ಸ್ವಂತ ಪಕ್ಷದವರೇ ಕೈಬಿಟ್ಟರು. ಗುಲಾಮರನ್ನು ಬಿಡಿಸುವುದಕ್ಕೆ ಒಪ್ಪಿದ್ದವರು ಆಸ್ತಿಯ ಮಾತು ಬಂದಕೂಡಲೇ ಹಿಂಜರಿದರು. ಇವತ್ತು ದಕ್ಷಿಣದ ಪ್ಲಾಂಟರನ ತೋಟ ಹೋದರೆ ನಾಳೆ ಉತ್ತರದ ಸಾಹುಕಾರನ ಗಿರಣಿಯ ಗತಿಯೇನು ಎಂಬ ಭಯ ಅವರಿಗೆ.

ಫಲವೇನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ. ನೆಲವಿಲ್ಲದ ಜನ ಅದೇ ಹಳೆಯ ಒಡೆಯನ ಹೊಲವನ್ನು ಪಾಲಿಗೆ ಮಾಡಿದರು. ಬೀಜ, ಹೇಸರಗತ್ತೆ, ಹಿಟ್ಟು ಎಲ್ಲವನ್ನೂ ಒಡೆಯನ ಅಂಗಡಿಯಿಂದಲೇ ಸಾಲ ತಂದರು. ಹತ್ತಿ ಬಿಡಿಸಿ ಲೆಕ್ಕ ಮಾಡಿದಾಗ ಸಾಲವೇ ಮಿಕ್ಕಿತು. ಹೊಟ್ಟೆ ಇನ್ನೊಬ್ಬನ ಕೈಯಲ್ಲಿರುವಾಗ ಓಟು ಎಷ್ಟು ದಿನ ನಿಂತೀತು? 1877ರಲ್ಲಿ ಕೇಂದ್ರದ ಸೈನ್ಯ ಹಿಂದೆ ಸರಿದ ಮೇಲೆ ಆ ಹಕ್ಕನ್ನೂ ಮೆಲ್ಲಮೆಲ್ಲನೆ ಕಿತ್ತುಕೊಂಡರು. ಭೂಮಿಯ ವಿಷಯದಲ್ಲಿ ಸ್ಟೀವನ್ಸ್ ಹೇಳಿದ್ದೇ ಸರಿಯಾಗಿತ್ತು. ವಿವೇಕಿಗಳೆಂದು ಹೆಸರಾದ ಉಳಿದವರು ತಪ್ಪಿದರು. ಅದರ ಬೆಲೆಯನ್ನು ನಾಲ್ಕಾರು ತಲೆಮಾರು ತೆತ್ತವು.

ಜಾನ್ಸನ್ ಮೇಲಿನ ಮಹಾಭಿಯೋಗದ ಕತೆ ಬಹಳ ಸಲ ಬರೆದದ್ದು. 1868ರಲ್ಲಿ ಸೆನೆಟ್ಟಿನಲ್ಲಿ 35-19 ಮತ ಬಿತ್ತು. ಒಂದೇ ಒಂದು ಮತದ ಕೊರತೆಯಿಂದ ಅಧ್ಯಕ್ಷರು ಪಾರಾದರು. ಆ ಹೊತ್ತಿಗೆ 76ರ ಸ್ಟೀವನ್ಸ್ ನಡೆಯಲಾರದಷ್ಟು ಬಳಲಿದ್ದರು. ಇಬ್ಬರು ತರುಣರು ಕುರ್ಚಿ ಸಮೇತ ಹೊತ್ತು ಸದನಕ್ಕೆ ತರುತ್ತಿದ್ದರು. ಜುಲೈ 9ರಂದು 14ನೇ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಪೂರ್ತಿಯಾಯಿತು. ಆಗಸ್ಟ್ 11ರ ನಡುರಾತ್ರಿ ಅವರು ತೀರಿಕೊಂಡರು. ಹಾಸಿಗೆಯ ಪಕ್ಕದಲ್ಲಿ ಅಣ್ಣತಮ್ಮಂದಿರ ಮಗನೊಬ್ಬ, ಇಬ್ಬರು ಕ್ರೈಸ್ತ ಸನ್ಯಾಸಿನಿಯರು, ಮಿಸೆಸ್ ಸ್ಮಿತ್ ಇದ್ದರು. ಸಂಸತ್ ಭವನದ ಗುಮ್ಮಟದ ಕೆಳಗೆ ಪಾರ್ಥಿವ ಶರೀರವನ್ನಿಟ್ಟಾಗ ಕಾವಲು ನಿಂತದ್ದು ಕಪ್ಪು ಸೈನಿಕರ ಪಡೆ. ಲ್ಯಾಂಕಾಸ್ಟರ್‌ನ ಪಕ್ಷದವರು ಆ ಸಲದ ಚುನಾವಣೆಗೆ ಸತ್ತ ನಾಯಕನ ಹೆಸರನ್ನೇ ಅಭ್ಯರ್ಥಿಯಾಗಿ ಆರಿಸಿದರು.

ಸತ್ತ ಮೇಲೂ ಅವರನ್ನು ಬಿಡಲಿಲ್ಲ. ಸೇಡಿನ ಮುದುಕ, ದಕ್ಷಿಣವನ್ನು ಹಾಳುಮಾಡಿದ ಕುಂಟ ಎಂದು ಅರ್ಧ ಶತಮಾನ ಚರಿತ್ರೆ ಪುಸ್ತಕಗಳು ಬರೆದವು. 1915ರ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಿ ಚಿತ್ರದಲ್ಲಿ ಅವರನ್ನೇ ಹೋಲುವ ಪಾತ್ರವೊಂದಿದೆ. ಅದೇ ಕುಂಟು, ಅದೇ ಕೃತಕ ಕೂದಲು, ಮನೆಯಲ್ಲಿ ಮಿಶ್ರವರ್ಣದ ಹೆಂಗಸು. ಕೋಟ್ಯಂತರ ಮಂದಿ ನೋಡಿದ ಆ ಚಿತ್ರದಲ್ಲಿ ನಾಯಕರು ಕು ಕ್ಲಕ್ಸ್ ಕ್ಲಾನಿನವರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ರೌನ್ ಪ್ರಕರಣದಲ್ಲಿ ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಎಂದಿತು. ತೀರ್ಪಿಗೆ ಆಧಾರವಾದದ್ದು 14ನೇ ತಿದ್ದುಪಡಿಯ ಸಮಾನ ರಕ್ಷಣೆ. ಶಾಲೆಗಾಗಿ 1835ರಲ್ಲಿ, ಸಮಾನತೆಗಾಗಿ 1866ರಲ್ಲಿ ಸ್ಟೀವನ್ಸ್ ಆಡಿದ ಮಾತುಗಳು ಅಲ್ಲಿ ಒಂದಾದವು.

ಲ್ಯಾಂಕಾಸ್ಟರ್‌ನ ಒಂದು ಪುಟ್ಟ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಊರಿನ ದೊಡ್ಡ ಸ್ಮಶಾನಗಳಲ್ಲಿ ಕಪ್ಪು ಜನರನ್ನು ಹೂಳಲು ಬಿಡುತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಜಾಗ ಕೊಡುವ ಈ ಮೂಲೆಯ ಸ್ಮಶಾನವನ್ನು ತಾವೇ ಆರಿಸಿಕೊಂಡರು. ಬದುಕಿದ್ದಾಗ ಹೇಳಿದ್ದನ್ನು ಸಾವಿನಲ್ಲೂ ತೋರಿಸಲೆಂದು ಇಲ್ಲಿ ಮಲಗಿದ್ದೇನೆ ಎಂಬ ಅರ್ಥದ ಬರಹವನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.

ಉಯಿಲಿನಲ್ಲಿ ತಾಯಿಯ ಸಮಾಧಿಯ ನಾಲ್ಕು ಮೂಲೆಗೂ ಪ್ರತಿ ವಸಂತದಲ್ಲಿ ಗುಲಾಬಿ ನೆಡಲು ಹಣ ತೆಗೆದಿಟ್ಟರು. ಬಣ್ಣ, ಮತ ನೋಡದೆ ಅನಾಥ ಮಕ್ಕಳನ್ನು ಸಾಕಿ ಓದಿಸಲು 50 ಸಾವಿರ ಡಾಲರ್ ಬರೆದರು. ಆ ಹಣದ ಬಲದಿಂದ 1905ರಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಒಂದು ಶಾಲೆ ಶುರುವಾಯಿತು. ಈಗ ಅದು ಥಾಡಿಯಸ್ ಸ್ಟೀವನ್ಸ್ ಕಾಲೇಜ್ ಆಫ್ ಟೆಕ್ನಾಲಜಿ. ಬಡಗಿ ಕೆಲಸ, ನಲ್ಲಿ ಕೆಲಸ, ಲೋಹದ ಕೆಲಸ ಕಲಿಸುವ ಆ ಕಾಲೇಜಿನಲ್ಲಿ ಕಡುಬಡವರ ಮಕ್ಕಳಿಗೆ ಇಂದಿಗೂ ಅವರ ಹೆಸರಿನ ನೆರವಿನಿಂದ ಓದು ನಡೆಯುತ್ತಿದೆ.